ಮೀನಿನ ಗುರುತಿನ ಕಲ್ಲು

ಒಂದಾನೊಂದು ಕಾಲದಲ್ಲಿ, ನನ್ನಜ್ಜಿಯ ಅಜ್ಜಿನೂ ಹುಟ್ಟಿರದ ಕಾಲ ಅದು, ಈಜಿಪ್ಟ್ ಅಂತ ಒಂದು ಮರಳಿನ ದೇಶ ಇತ್ತಂತೆ. ಸಿಟ್ಟಿದ್ರೆ ಗೋಡೆ ಕಡೆಗೇ ತಿರುಗಿ ಮಲಗು ಪುಟ್ಟಿ, ಒಂದು ಕಿವಿ ಈ ಕಡೆ ಇದ್ರೆ ಸಾಕು. ಅಲ್ಲಿನ ರಾಜನಿಗೆ ಸತ್ತ ಮೇಲೆ ಮಲಗೋಕೆ ಪಿರಮಿಡ್ ಬೇಕಿತ್ತಂತೆ. ಅಂದ್ರೆ, ಕಣದಲ್ಲಿ ರಾಗಿ ರಾಶಿ ಹಾಕ್ತೀವಲ್ಲ, ಹಾಗೆ ಮೇಲೆ ಚೂಪು, ಆದ್ರೆ ಕೆಳಗೆ ನಾಲ್ಕು ಮೂಲೆ, ಬೆಟ್ಟದಷ್ಟು ಎತ್ತರ. ಚಕ್ರ ಇಲ್ಲದ ಮರದ ಬಂಡಿ ಮೇಲೆ ದೊಡ್ಡ ದೊಡ್ಡ ಕಲ್ಲಿಟ್ಟು, ಮುಂದಿನ ಮರಳಿಗೆ ನೀರು ಹೊಯ್ದು, ಹಗ್ಗ ಹಿಡಿದು ಎಳೀತಿದ್ರಂತೆ. ಕಲ್ಲು ಕಡಿದ ಗುಂಪಿನವರು ಅದರ ಮೇಲೆ ಕೆಮ್ಮಣ್ಣಲ್ಲಿ ತಮ್ಮ ಗುರುತು ಬರೀಬೇಕು. ಹೆಪು ಅನ್ನೋನ ಗುಂಪಿಗೆ ಕೊಕ್ಕರೆ; ಇನೆನಿ ಅನ್ನೋ ಮುದುಕ, ಅವನ ಮೂವರು ಗಂಡುಮಕ್ಕಳು, ಅವರ ಗುಂಪಿಗೆ ಮೀನು.

ಒಂದಿನ ಹೆಪುವಿನ ಉಳಿ ಜಾರಿ ಕಲ್ಲಿನ ಮೂಲೆ ಮುರಿದುಹೋಯ್ತಂತೆ. ಅಯ್ಯೋ, ಮೇಸ್ತ್ರಿ ನನ್ನನ್ನ ಹಗ್ಗ ಎಳೆಯೋಕೆ ಹಾಕ್ತಾನಲ್ಲ ಅಂತ ಹೆದರಿ, ಯಾರೂ ಇಲ್ಲದಾಗ ಕೊಕ್ಕರೆ ಅಳಿಸಿ ಮೀನು ಬರೆದುಬಿಟ್ಟನಂತೆ, ಹಾಳಾದೋನು!

ಆಮೇಲೆ ಮೇಸ್ತ್ರಿ ಬಂದು, ಇನೆನಿಗೆ ಎಲ್ಲರೆದುರು ಛೀಮಾರಿ ಹಾಕಿ, ಕೆಡಿಸಿದವನ್ಯಾರು, ತಂದೊಪ್ಪಿಸು ಅಂದನಂತೆ. ಇನೆನಿ ದೊಡ್ಡ ಮಗನ್ನ ಕೇಳಿದ, ಅವನು ನಾನಲ್ಲಪ್ಪ ಅಂದ, ಸುಳ್ಳು ಹೇಳ್ತೀಯ ಅಂತ ಅಪ್ಪ ಮಾತೇ ಬಿಟ್ಟ. ಆಮೇಲೆ ನಡುವಿನವನೂ ನಾನಲ್ಲ ಅಂದ, ಅವನ ಜೊತೆ ಊಟ ಬಿಟ್ಟ. ನೋಡ್ತಿದ್ದ ಹೆಪು ತಿಂತಿದ್ದ ರೊಟ್ಟಿ ಕೆಳಗಿಟ್ಟು ಎದ್ದುಹೋದನಂತೆ, ಆದ್ರೂ ನಿಜ ಹೇಳಲಿಲ್ಲ. ಮೂರನೇ ದಿನ ಕಿರಿಯವನು ನಾನಲ್ಲ ಅಂತ ಅಪ್ಪನ ಕಾಲು ಹಿಡಿದು ಅತ್ತರೂ, ತಪ್ಪು ಮುಚ್ಚಿಡೋ ಮಗ ನನಗೆ ಬೇಡ, ನಡಿ ಆಚೆ ಅಂದನಂತೆ ಇನೆನಿ. ಅವನು ಬಟ್ಟೆ ಗಂಟು ಕಟ್ಟಿ ಹೊರಟೇಬಿಟ್ಟನಂತೆ.

ಆಗ ಹೆಪು ತಡೀಲಾರದೆ ಓಡಿಬಂದು, ಎಲ್ಲರೆದುರು ಮೀನು ಒರೆಸಿ, ಕೊಕ್ಕರೆ ಬರೆದು, ಕಲ್ಲು ನಂದು, ಮುರಿದೋನೂ ನಾನೇ ಅಂದನಂತೆ. ಭೂಮಿ ಬಾಯ್ಬಿಡಬಾರದೇ ಅನ್ನಿಸ್ತಂತೆ ಅವನಿಗೆ, ಅಷ್ಟು ನಾಚಿಕೆ. ಮೇಸ್ತ್ರಿ ಅವನನ್ನ ಹಗ್ಗ ಎಳೆಯೋಕೆ ಹಾಕಿದ. ಇನೆನಿ ಕಿರಿಯವನನ್ನ ಬಾಚಿ ತಬ್ಬಿಕೊಂಡು, ಮೂವರನ್ನೂ ಸುತ್ತ ಕೂರಿಸಿಕೊಂಡು ಉಂಡನಂತೆ. ಮಾರನೇ ದಿನ ಆ ಕಿರಿಯವನೇ ಹೆಪುವಿನ ಪಕ್ಕ ಹಗ್ಗ ಹಿಡಿದು, ಎಳಿ ಮಾಮ ಅಂದನಂತೆ. ಮುರುಕು ಕಲ್ಲು ಒಳಗೆ ಸೇರಿತು, ಹೊರಗೆ ಬಿಳೀ ನುಣುಪು ಕಲ್ಲು ಹೊದಿಸಿದರು. ಬಿಸಿಲಿಗೆ ಫಳಫಳ ಹೊಳೆಯೋ ಪಿರಮಿಡ್ಡನ್ನ ಎಲ್ಲರೂ ಹೊಗಳುವಾಗ ಹೆಪು ಮಾತ್ರ ನೆಲ ನೋಡ್ತಿದ್ದನಂತೆ.

ಅವನ ಕತೆ ಮುಗೀತು, ನಂದು ಉಳಿದಿದೆ. ಬೆಳಿಗ್ಗೆ ಉಪ್ಪಿನಕಾಯಿ ಜಾಡಿ ಒಡೆದದ್ದು ನಾನೇ ಕಣೆ. ಸೊಸೆ ಏನಂತಾಳೋ ಅಂತ, ನಿಮ್ಮಮ್ಮ ನಿನಗೆ ಹೊಡೆಯುವಾಗಲೂ ಬಾಯಿ ಮುಚ್ಕೊಂಡು ಕೂತಿದ್ದೆ. ನಾಳೆ ಎದ್ದ ತಕ್ಷಣ ಅವಳೆದುರಿಗೇ ಹೇಳ್ತೀನಿ. ಸ್ವಲ್ಪ ಈ ಕಡೆ ತಿರುಗು ಪುಟ್ಟಿ.