ತುರುಗಾಹಿ ಕಂಡಿ

ಕಾರೆಹಟ್ಟಿಯಿಂದ ಪಡುವಣಕ್ಕೆ ಒಂದು ಹರದಾರಿ ನಡೆದರೆ ಎರಡು ಬೋಳುಗುಡ್ಡಗಳ ನಡುವೆ ಇಕ್ಕಟ್ಟಾದ ದಾರಿ ಸಿಗುತ್ತದೆ. ಎರಡು ಗಾಡಿ ಜೋಡಿಯಾಗಿ ಹೋಗಲಾರವು. ಗುಡ್ಡದ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತವೆ. ದಾರಿಯ ಹೆಸರು ತುರುಗಾಹಿ ಕಂಡಿ. ತುರು ಎಂದರೆ ಆಕಳು, ಗಾಹಿ ಎಂದರೆ ಕಾಯುವವನು. ಮೊದಲು ಈ ಸೀಮೆಯಲ್ಲಿ ಆ ಹೆಸರು ದನ ಮೇಯಿಸುವವನಿಗೆ ಇರಲಿಲ್ಲ. ಮಂದೆಯ ಕಾವಲಿಗೆ ಕೋಟೆಯವರು ಕಳಿಸುತ್ತಿದ್ದ ಕತ್ತಿಯ ಆಳಿಗೆ ಇತ್ತು. ಮೇಯಿಸುವವನು ಬರೀ ದನದವನು.

ಹಿಂದೆ ಒಮ್ಮೆ ಹಟ್ಟಿಯ ಗಂಡಸರೆಲ್ಲ ದೇವರನ್ನು ಹೊತ್ತು ಹೊಳೆಗೆ ಹೋಗಿದ್ದರು. ಊಟದಾಸೆಗೆ ಕತ್ತಿಯ ಆಳುಗಳೂ ಹಿಂದೆ ಹೋದರು. ಮಂದೆಗೆ ಉಳಿದವರು ಚಿತ್ತ, ಅವನ ತಮ್ಮ ಕ್ಯಾತ. ಕ್ಯಾತ ಹಸುಗಳನ್ನು ಮೇವಿಗೆ ಹೊಡೆದ; ಚಿತ್ತ ದೊಡ್ಡಿಯಲ್ಲಿ ಕರುಗಳ ಬಳಿ ನಿಂತ. ಮಧ್ಯಾಹ್ನ ಗುಡ್ಡದಾಚೆಯ ಹನ್ನೊಂದು ಕಳ್ಳರು ಮಂದೆಗೆ ಬಿದ್ದರು. ಕ್ಯಾತ ಕೊಡಲಿಯಿಂದ ಒಬ್ಬನ ಭುಜ ಸೀಳಿದ. ಅವರು ಅವನ ಹಲ್ಲು ಉದುರಿಸಿ ಕೈಗಳನ್ನು ಹಿಂದಕ್ಕೆ ಬಿಗಿದರು. ಯಾರಾದರೂ ಬೆನ್ನಟ್ಟಿದರೆ ಕಲ್ಲು ಬೀಸದಿರಲೆಂದು ಅವನನ್ನು ಗುರಾಣಿಯಂತೆ ಎಲ್ಲರ ಹಿಂದೆ ನಡೆಸಿಕೊಂಡು ಮಂದೆಯನ್ನು ಕಂಡಿಯೊಳಗೆ ನುಗ್ಗಿಸಿದರು.

ದೂಳು ಪಡುವಣಕ್ಕೆ ಸರಿಯುವುದನ್ನು ಕಂಡು ಚಿತ್ತನಿಗೆ ತಿಳಿಯಿತು. ಮಂದೆ ಹೋದರೆ ಹಟ್ಟಿಯೇ ಹೋದಂತೆ. ಅವನು ಆಯುಧ ಹುಡುಕಲಿಲ್ಲ. ದೊಡ್ಡಿಯ ಮುಳ್ಳುಪಡಿ ಕಿತ್ತೆಸೆದು, ಬೆಳಗಿನಿಂದ ಹಾಲು ಕಾಣದ ಕರುಗಳನ್ನು ಕಂಡಿಯ ಬಾಯಿಗೆ ಓಡಿಸಿದ. ಕೆಚ್ಚಲು ತುಂಬಿದ ಹಸು ಕರುವಿನ ಕೂಗಿಗೆ ಹಿಂದಿರುಗುತ್ತದೆ, ಅಡ್ಡ ಬಂದದ್ದನ್ನು ತುಳಿದೇ ಬರುತ್ತದೆ. ಅದು ಅವನಿಗೆ ಗೊತ್ತು. ಹಸುಗಳ ದಾರಿಗೆ ತನ್ನ ತಮ್ಮನೇ ಅಡ್ಡವಾಗಿದ್ದಾನೆಂಬುದು ಅಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಕರುಗಳು ದಣಿದು ಸುಮ್ಮನೆ ನಿಂತವು. ಚಿತ್ತನೂ ನಿಂತ.

ಕಳ್ಳರ ನಾಯಕ ತಿರುಗಿ ನೋಡಿ ನಕ್ಕ. "ನೋಡ್ರಲೇ, ದನದೋನು ಕರುಗಳ ದಂಡು ಕಟ್ಕೊಂಡು ಬಂದವ್ನೆ."

ಕ್ಯಾತ ಬಾಯಲ್ಲಿದ್ದ ರಕ್ತ ಉಗಿದ. "ಅಣ್ಣ, ನನ್ನ ಮಾರಿ ನೋಡಬ್ಯಾಡ. ಕರು ಒದರಿಸು."

ಯಾವ ಕರುವಿಗೂ ಕೈ ಮಾಡಿದವನಲ್ಲ ಚಿತ್ತ. ಪಕ್ಕದಲ್ಲಿದ್ದ ಎಳೆಗರುವಿನ ಕಿವಿ ಹಿಂಡಿದ. ಅದು ಒದರಿತು, ಉಳಿದವೂ ಒದರಿದವು. ಮಂದೆ ತಿರುಗಿತು. ಸರಿದು ನಿಲ್ಲಲು ಕಂಡಿಯಲ್ಲಿ ಜಾಗವಿರಲಿಲ್ಲ. ಕೊಂಬುಗಳು ಹೊಟ್ಟೆ ಬಗೆದವು, ಗೊರಸುಗಳು ತಲೆ ಒಡೆದವು. ದೂಳು ಇಳಿದ ಮೇಲೆ ಚಿತ್ತ ಒಳಗೆ ಹೋಗಿ, ಇನ್ನೂ ನರಳುತ್ತಿದ್ದ ಮೂವರನ್ನು ಕಲ್ಲೆತ್ತಿ ಹಾಕಿ ಮುಗಿಸಿದ. ತಮ್ಮನನ್ನು ಕೈಗೆ ಕಟ್ಟಿದ ಹಗ್ಗದಿಂದಲೇ ಗುರುತು ಹಿಡಿದ ಎನ್ನುತ್ತಾರೆ.

ಗಂಡಸರು ಹಿಂದಿರುಗಿದರು. ಹಟ್ಟಿಯ ಗೌಡ ಕತ್ತಿಯ ಆಳೊಬ್ಬನ ಕೈಯಿಂದ ತುರುಗಾಹಿಯ ಗುರುತಾದ ಬೆಳ್ಳಿ ಕಡಗ ಬಿಚ್ಚಿಸಿ, ಇನ್ನು ನೀನೇ ತುರುಗಾಹಿ ಎಂದು ಚಿತ್ತನ ಮುಂದೆ ಹಿಡಿದ. ಚಿತ್ತ ಕೈ ಚಾಚಲಿಲ್ಲ.

"ಕಾದೋನು ನನ್ನ ತಮ್ಮ, ಗೌಡ್ರೆ. ನಾನು ಕಿವಿ ಹಿಂಡ್ದೋನು."

ಕಡಗವನ್ನು ಕ್ಯಾತನ ಜೊತೆ ಹೂಳಿ ಮೇಲೊಂದು ಕಲ್ಲು ನಿಲ್ಲಿಸಿದರು.

ಕಲ್ಲು ಕಂಡಿಯ ಬಾಯಲ್ಲಿ ಇಂದಿಗೂ ಇದೆ. ಕೆತ್ತಿದ ಆಳಿನ ಕೈಯಲ್ಲಿ ಕತ್ತಿಯಿಲ್ಲ. ಕೈಗಳು ಬೆನ್ನ ಹಿಂದಿವೆ. ಹಸು ಈದರೆ ಮೊದಲ ಗಿಣ್ಣುಹಾಲನ್ನು ಅದಕ್ಕೆ ಎರೆಯುತ್ತಾರೆ. ಅಲ್ಲಿ ದನ ಬಿಟ್ಟುಕೊಂಡು ಕೂತವರನ್ನು ನೀವು ತುರುಗಾಹಿಗಳೇ ಎಂದು ಕೇಳಿ ನೋಡಿ. ಅಲ್ಲ ಸ್ವಾಮಿ, ನಾವು ದನ ಮೇಯಿಸೋರು ಎಂದು ಕೋಲಿನಿಂದ ಆ ಕಲ್ಲನ್ನು ತೋರಿಸುತ್ತಾರೆ.