ಗಡ್ಡದ ಜೊತೆ ಮಾತುಕತೆ

ತಿಪಟೂರಿನ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಕೆಂಚಪ್ಪನ ಸೆಲೂನ್. ತಿರುಗುವ ಕುರ್ಚಿಗಳಿಗೆಂದು ಬ್ಯಾಂಕಿನಲ್ಲಿ ಮಾಡಿದ ಸಾಲ ಅವನ ತಲೆ ತಿನ್ನುತ್ತಿತ್ತು. ಅದು ಹೇಗೋ ಗೊತ್ತಾಗಿ, ಸಾಲ ಇಳಿಸಿಕೊಡುವ ಕಂಪನಿಯ ಧನಪಾಲ್ ಸಾಹೇಬರು ಶೇವಿಂಗ್ ನೆಪದಲ್ಲಿ ಬಂದು ಕೂತರು.

"ನಮ್ಮ ಫೀಸು ಇವತ್ತೇ ಕಟ್ಟಿಬಿಡು," ಎಂದರು. "ಬ್ಯಾಂಕಿಗೆ ಕಂತು ಕಟ್ಟಬೇಡ, ಅವರ ಫೋನ್ ಎತ್ತಬೇಡ. ಮಾತುಕತೆ ಎಲ್ಲ ನಮ್ಮದು. ವರ್ಷದೊಳಗೆ ಅರ್ಧ ಸಾಲ ಹೋದರೂ ಹೋಗಬಹುದು."

ಕೆಂಚಪ್ಪ ಅವರ ಕೆನ್ನೆ ತುಂಬ ನೊರೆ ಹಚ್ಚಿದ. ಆಮೇಲೆ ಕತ್ತಿ ಮಡಚಿಟ್ಟು ಕೈ ಚಾಚಿದ.

"ದುಡ್ಡು ಕೊಡಿ ಸಾರ್."

"ಶೇವಿಂಗೇ ಆಗಿಲ್ವಲ್ಲಯ್ಯ."

"ಆಗುತ್ತೆ. ಅಲ್ಲೀತನಕ ನೊರೆ ಒರೆಸ್ಕೋಬೇಡಿ. ಮನೆಯವರು ಫೋನ್ ಮಾಡಿದ್ರೆ ಎತ್ತಬೇಡಿ. ಗಡ್ಡದ ಜೊತೆ ನಾನು ಮಾತಾಡ್ತೀನಿ. ವರ್ಷದೊಳಗೆ ಅರ್ಧ ಹೋದರೂ ಹೋಗಬಹುದು."

ಬೆಂಚಿನ ಮೇಲೆ ಕೂತಿದ್ದವರೆಲ್ಲ ಓದುತ್ತಿದ್ದ ಪೇಪರ್ ಕೆಳಗಿಳಿಸಿದರು. ಸಾಹೇಬರ ಕಿವಿ ಕೆಂಪಾಯಿತು. ಕೆನ್ನೆಯ ವಿಷಯ ನೊರೆಯಲ್ಲಿ ಗೊತ್ತಾಗಲಿಲ್ಲ.

"ಕೆಲಸ ಆಗೋಕೆ ಮುಂಚೆ ಯಾರಯ್ಯ ದುಡ್ಡು ಕೊಡ್ತಾರೆ?"

"ನಾನೂ ಅದನ್ನೇ ಕೇಳೋಣ ಅಂತಿದ್ದೆ ಸಾರ್."

ಕೆಂಚಪ್ಪ ನೀಟಾಗಿ ಶೇವ್ ಮಾಡಿ, ಕೊನೆಗೆ ಪಟಿಕ ಉಜ್ಜಿದ. "ನಮ್ಮಲ್ಲಿ ಪಟಿಕ ಉಜ್ಜಿದ ಮೇಲೇ ದುಡ್ಡು ಈಸ್ಕೊಳ್ಳೋದು. ನೀವೂ ಸಾಲ ಇಳಿದಿದೆ ಅಂತ ಬ್ಯಾಂಕಿನ ಕಾಗದ ತಂದು ತೋರಿಸಿ, ಫೀಸು ತಗೊಂಡು ಹೋಗಿ."

ಸಾಹೇಬರು ದುಡ್ಡು ಕೊಟ್ಟು ಎದ್ದುಹೋದರು. ಕೆಂಚಪ್ಪ ತಾನೇ ಬ್ಯಾಂಕಿಗೆ ಹೋಗಿ ಮಾತಾಡಿ, ಕಂತು ಸಣ್ಣದು ಮಾಡಿಸಿಕೊಂಡು ಬಂದ.

ಸಾಹೇಬರು ಈಗ ಗಡ್ಡ ಬಿಟ್ಟಿದ್ದಾರೆ. ಮಾತುಕತೆ ಇನ್ನೂ ನಡೀತಿದೆ ಅಂತ ಕಾಣುತ್ತೆ ಅನ್ನುತ್ತಾನೆ ಕೆಂಚಪ್ಪ.