ಇನ್ನೊಂದು ಚಳಿಗಾಲದ ಗಾಳಿ

"ಗುರುಗಳೇ, ಪೂರಾ ಖಾತ್ರಿಯಾಗುವ ತನಕ ಬಾಯಿ ತೆರೆಯದಿರುವುದೇ ಸತ್ಯಕ್ಕೆ ತೋರುವ ಗೌರವವಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು.

ಒಂದು ನಗರದಲ್ಲಿ ಗಾಳಿಯನ್ನು ಪರೀಕ್ಷಿಸುವ ವಿಜ್ಞಾನಿಯೊಬ್ಬಳಿದ್ದಳು. ವಾರಕ್ಕೊಮ್ಮೆ ಮಾಳಿಗೆ ಹತ್ತಿ ಗಾಜಿನ ಸೀಸೆಯಲ್ಲಿ ಗಾಳಿ ಹಿಡಿದು ತರುತ್ತಿದ್ದಳು. ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಯಾವ ಬೆಂಕಿಯಿಂದ ಹುಟ್ಟಿತೆಂದು ಹೇಳುವ ವಿದ್ಯೆ ಅವಳಿಗಿತ್ತು. ಈಚೆಗೆ ಬೆಳೆದ ಮರದ ಸೌದೆಯಲ್ಲಿ, ವಿಕಿರಣ ಸೂಸುವ ಇಂಗಾಲದ ಐಸೊಟೋಪ್ ಒಂದು ತೀರ ಸ್ವಲ್ಪ ಬೆರೆತಿರುತ್ತದೆ. ಯುಗಗಟ್ಟಲೆ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ, ಡೀಸೆಲಿನಲ್ಲಿ ಅದು ಸವೆದು ಇಲ್ಲವಾಗಿರುತ್ತದೆ. ಅದನ್ನು ಅಳೆದರೆ ಯಾವುದರ ಪಾಲು ಎಷ್ಟೆಂದು ತಿಳಿಯುತ್ತದೆ. ನಾಲ್ಕು ವರ್ಷ ಅವಳು ಅದನ್ನೇ ಅಳೆದಿದ್ದಳು.

ಅವಳು ಮಧ್ಯಾಹ್ನ ಉಣ್ಣುತ್ತಿದ್ದದ್ದು ಹುಲಿಗೆಮ್ಮ ಎಂಬವಳ ತಗಡಿನ ಖಾನಾವಳಿಯಲ್ಲಿ. ಹುಲಿಗೆಮ್ಮ ಸೌದೆ ಒಲೆಯ ಮೇಲೆ ರೊಟ್ಟಿ ಸುಡುತ್ತಿದ್ದಳು. ಆ ವರ್ಷ ನಗರದ ಆಡಳಿತದವರು, ಗಾಳಿಯಲ್ಲಿ ಇಂಗಾಲ ಏರುತ್ತಿರುವುದಕ್ಕೆ ಬೀದಿಯ ಸೌದೆ ಒಲೆಗಳೇ ಕಾರಣವೆಂದು ಸಾರಿದರು. ಒಲೆಗಳನ್ನು ಕೀಳಿಸುವುದಾಗಿ ನೋಟಿಸು ಹಚ್ಚಿದರು.

ಹುಲಿಗೆಮ್ಮ ರೊಟ್ಟಿ ಬಡಿಸುತ್ತ ಕೇಳಿದಳು: "ಬಾಯಾರ, ನೀವು ಗಾಳಿ ಅಳೆಯೋರಂತ. ಊರ ಗಾಳಿ ಕೆಟ್ಟಿದ್ದು ನನ್ನ ಒಲಿಯಿಂದನ? ಖರೇ ಹೇಳ್ರಿ."

ವಿಜ್ಞಾನಿಗೆ ಉತ್ತರ ಗೊತ್ತಿತ್ತು. ಏರಿದ ಇಂಗಾಲದಲ್ಲಿ ಸೌದೆಯ ಪಾಲು ಹತ್ತರಲ್ಲಿ ಒಂದೂ ಇರಲಿಲ್ಲ. ಆದರೆ ಹಿಂದೊಮ್ಮೆ ಅವಳು ಅವಸರದಲ್ಲಿ ಒಂದು ಅಂಕಿ ಹೇಳಿ, ತುಂಬಿದ ಸಭೆಯಲ್ಲಿ ಅದನ್ನು ಹಿಂದಕ್ಕೆ ಪಡೆದಿದ್ದಳು. ಅಂದಿನ ನಗು ಇನ್ನೂ ಅವಳ ಕಿವಿಯಲ್ಲಿತ್ತು.

"ಇನ್ನೊಂದು ಚಳಿಗಾಲದ ಗಾಳಿ ನೋಡಬೇಕು ಹುಲಿಗೆಮ್ಮ. ಆಮೇಲೆ ಖಂಡಿತ ಹೇಳ್ತೀನಿ," ಎಂದಳು.

ಚಳಿಗಾಲ ಅರ್ಧ ಕಳೆಯುವಷ್ಟರಲ್ಲಿ ಆಡಳಿತದವರು ಬಂದು ಹುಲಿಗೆಮ್ಮನ ಒಲೆ ಒಡೆದರು, ತಗಡು ಕಿತ್ತರು. ವಿಜ್ಞಾನಿ ಮಾಳಿಗೆಯ ಮೇಲೆ ಸೀಸೆ ಹಿಡಿದು ನಿಂತಿದ್ದಳು. ಕೆಳಗಿನ ಬೀದಿಯಲ್ಲಿ ತಗಡು ಕೀಳುವ ಸದ್ದು ಅವಳಿಗೆ ಕೇಳಿಸಿತು. ಇಳಿದು ಹೋಗಲಿಲ್ಲ.

ಬೇಸಿಗೆಯಲ್ಲಿ ಅವಳ ವರದಿ ಅಚ್ಚಾಯಿತು. ಎಲ್ಲರೂ ಮೆಚ್ಚಿದರು, ಒಬ್ಬರೂ ಆಕ್ಷೇಪ ಎತ್ತಲಿಲ್ಲ. ಅದನ್ನು ಹಿಡಿದು ಅವಳು ಹುಲಿಗೆಮ್ಮನನ್ನು ಹುಡುಕಿಕೊಂಡು ಹೋದಳು. ಊರಾಚೆಯ ಇಟ್ಟಿಗೆ ಭಟ್ಟಿಯಲ್ಲಿ ಹುಲಿಗೆಮ್ಮ ಕಲ್ಲಿದ್ದಲು ಹೊರುತ್ತಿದ್ದಳು. ಮಾತಿಗೊಮ್ಮೆ ಕೆಮ್ಮುತ್ತಿದ್ದಳು.

"ನಿನ್ನ ಒಲೆಯದು ತಪ್ಪಿಲ್ಲ," ಎಂದಳು ವಿಜ್ಞಾನಿ. "ಈಗ ಪೂರಾ ಖಾತ್ರಿಯಾಯಿತು."

ಹುಲಿಗೆಮ್ಮ ಕೊನೆತನಕ ಕೇಳಿಸಿಕೊಂಡಳು. "ಚಲೋ ಆತ್ರಿ," ಎಂದು ಬುಟ್ಟಿಯನ್ನು ತಲೆಗೇರಿಸಿಕೊಂಡು ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆ ಒಂದು ಚಳಿಗಾಲ ಕಾದಿದ್ದರಿಂದ ಅವಳ ಅಂಕಿಗಳಲ್ಲಿ ಏನು ಬದಲಾಯಿತು?"

"ಅಂಕಿಗಳಲ್ಲಿ ಏನೂ ಬದಲಾಗಲಿಲ್ಲ," ಎಂದರು ಗುರುಗಳು.